ತೋಳಕ್ಕೆ ಅಜ್ಜಿಯ ಮನೆ ತೋರಿಸಿದ್ದು ಯಾರು? ಕಿನ್ನರಕಥೆಯನ್ನು ಬಿಡಿಸಿ ನೋಡುವ ಬಗೆ

ಕಿನ್ನರಕಥೆಯೊಂದನ್ನು ವಿಶ್ಲೇಷಿಸಿ ಎಂದೊಡನೆ ವಿದ್ಯಾರ್ಥಿಗಳು ಮೊದಲು ಹುಡುಕುವುದು ನೀತಿಯನ್ನು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ನೀತಿ ಹಿಡಿದುಕೊಂಡವರಿಗೆ ಕಥೆಯಲ್ಲಿ ಬೇರೇನೂ ಕಾಣಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಕೆಂಪು ಟೋಪಿಯ ಹುಡುಗಿಯ ಕಥೆಯನ್ನೇ ತೆಗೆದುಕೊಳ್ಳೋಣ.

ಮೊದಲ ಹೆಜ್ಜೆ: ಯಾರು ಹೇಳಿದ ಕಥೆ?

ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಿ ತೋಳ ಅಜ್ಜಿಯನ್ನೂ ಹುಡುಗಿಯನ್ನೂ ತಿಂದುಹಾಕುತ್ತದೆ. ಕಾಪಾಡಲು ಯಾರೂ ಬರುವುದಿಲ್ಲ. ಬೇಟೆಗಾರ ಬಂದು ಕತ್ತರಿಯಿಂದ ತೋಳದ ಹೊಟ್ಟೆ ಸೀಳುವುದು ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಹೊರತಂದ ಸಂಗ್ರಹದಲ್ಲಿ. ನೀವು ಓದುತ್ತಿರುವುದು ಯಾವುದು ಎಂಬುದನ್ನು ಬರಹದ ಆರಂಭದಲ್ಲೇ ಹೇಳಿಬಿಡಿ. ಕಾರ್ಟೂನಿನ ನೆನಪಿನಿಂದ ಬರೆದ ವಿಶ್ಲೇಷಣೆ ನಿಲ್ಲುವುದಿಲ್ಲ.

ಎರಡನೆಯ ಹೆಜ್ಜೆ: ಘಟನೆಗಳನ್ನು ಸಾಲಾಗಿ ಬರೆಯಿರಿ

ಒಂದು ಘಟನೆಗೆ ಒಂದೇ ವಾಕ್ಯ, ವರ್ಣನೆ ಬೇಡ. ಇಲ್ಲಿ ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ನೆರವಿಗೆ ಬರುತ್ತಾನೆ. ರಷ್ಯಾದ ಕಿನ್ನರಕಥೆಗಳನ್ನು ಪರಿಶೀಲಿಸಿ 1928ರಲ್ಲಿ ಆತ ಗುರುತಿಸಿದ 31 ಕ್ರಿಯೆಗಳ ಪಟ್ಟಿಯ ಆರಂಭದಲ್ಲಿ ನಿಷೇಧ, ಅದರ ಉಲ್ಲಂಘನೆ, ಖಳ ಸುಳಿವಿಗಾಗಿ ವಿಚಾರಿಸುವುದು, ಖಳನಿಗೆ ಸುಳಿವು ಸಿಗುವುದು, ವಂಚನೆ ಇವು ಒಂದರ ಹಿಂದೊಂದು ಬರುತ್ತವೆ. 31ನ್ನೂ ತುರುಕಬೇಕಾಗಿಲ್ಲ, ಈ ಐದು ಸಾಕು.

ಈಗ ಗ್ರಿಮ್ ಕಥೆಯ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ದಾರಿ ಬಿಟ್ಟು ಹೋಗಬೇಡ ಎನ್ನುತ್ತಾಳೆ ತಾಯಿ. ತೋಳ ಎದುರಾಗಿ, ಅಜ್ಜಿಯ ಮನೆ ಎಲ್ಲಿ ಎಂದು ಕೇಳುತ್ತದೆ. ಕಾಡಿನಲ್ಲಿ ಇನ್ನೂ ಕಾಲು ಗಂಟೆಯ ದಾರಿ, ಮೂರು ದೊಡ್ಡ ಓಕ್ ಮರಗಳ ಕೆಳಗೆ ಎಂದು ಹುಡುಗಿ ಗುರುತಿನ ಸಮೇತ ವಿವರಿಸುತ್ತಾಳೆ. ಹೂವುಗಳ ಆಸೆ ತೋರಿಸಿ ತೋಳ ಅವಳನ್ನು ದಾರಿ ತಪ್ಪಿಸುವುದು ಆಮೇಲೆ. ಪ್ರಾಪ್‌ನ ಈ ಐದರಲ್ಲಿ ಎರಡನೆಯದಾದ ಉಲ್ಲಂಘನೆ ಇಲ್ಲಿ ಕೊನೆಗೆ ಸರಿದಿದೆ. ಈ ಅದಲುಬದಲನ್ನು ಗುರುತು ಹಾಕಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಗಟ್ಟಿಯಾಗಿ ಓದಿ

ಬಾಯಿಂದ ಬಾಯಿಗೆ ಬಂದ ಕಥೆಯ ಭಾಷೆ ಕಿವಿಗೇ ಸಿಗಬೇಕು. ಅಜ್ಜಿಯ ವೇಷದಲ್ಲಿ ಮಲಗಿದ ತೋಳಕ್ಕೂ ಹುಡುಗಿಗೂ ಹಾಸಿಗೆಯ ಬಳಿ ನಡೆಯುವ ಪ್ರಶ್ನೋತ್ತರ ನೋಡಿ: ಗ್ರಿಮ್‌ನಲ್ಲಿ ಕಿವಿ, ಕಣ್ಣು, ಕೈ, ಬಾಯಿ. ವಾಕ್ಯದ ಅಚ್ಚು ಒಂದೇ, ಬದಲಾಗುವುದು ಅಂಗ ಮಾತ್ರ. ಕೇಳುವುದಕ್ಕೆ, ನೋಡುವುದಕ್ಕೆ ಎಂಬ ಉತ್ತರಗಳಲ್ಲಿ ಭಯವಿಲ್ಲ. ಹಿಡಿಯುವುದಕ್ಕೆ ಎಂದಾಗ ಕೇಳುತ್ತಿರುವ ಮಗುವಿಗೆ ಅಪಾಯ ಗೊತ್ತಾಗಿಬಿಡುತ್ತದೆ, ಹುಡುಗಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಪೆರೋನ ಹುಡುಗಿ ಬಟ್ಟೆ ಕಳಚಿ ಹಾಸಿಗೆ ಸೇರಿದ ಮೇಲೆ ಮೊದಲು ಕೇಳುವುದು ತೋಳಿನ ಬಗ್ಗೆ, ಆಮೇಲೆ ಕಾಲಿನ ಬಗ್ಗೆ. ಅವನ ಕಣ್ಣು ದೊಡ್ಡವರ ಮೇಲಿತ್ತು ಎಂಬುದಕ್ಕೆ ನನಗೆ ಇಷ್ಟೇ ಸಾಕು.

ನಾಲ್ಕನೆಯ ಹೆಜ್ಜೆ: ನೀತಿಯನ್ನು ಪರೀಕ್ಷೆಗೆ ಒಡ್ಡಿ

ನೀತಿಯನ್ನು ಯಾರು, ಯಾರಿಗೆ ಹೇಳುತ್ತಾರೆ? ಪೆರೋ ಕಥೆಯ ಹೊರಗೆ ನಿಂತು ಪದ್ಯದಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಎಚ್ಚರಿಸುತ್ತಾನೆ: ನಯವಾಗಿ ಮಾತನಾಡುವ ತೋಳಗಳೇ ಎಲ್ಲಕ್ಕಿಂತ ಅಪಾಯಕಾರಿ. ಗ್ರಿಮ್‌ನಲ್ಲಿ ಹುಡುಗಿಯೇ, ಅಮ್ಮ ಬೇಡವೆಂದಾಗ ಇನ್ನೆಂದೂ ದಾರಿ ಬಿಡುವುದಿಲ್ಲ ಎಂದುಕೊಳ್ಳುತ್ತಾಳೆ.

ಈಗ ಗುರುತು ಹಾಕಿಟ್ಟ ಅದಲುಬದಲಿಗೆ ಬನ್ನಿ. ಅವಳು ದಾರಿ ಬಿಡದಿದ್ದರೂ ತೋಳಕ್ಕೆ ಅಜ್ಜಿಯ ಮನೆ ಗೊತ್ತಾಗಿತ್ತು. ಹೂವು ಕೊಯ್ದದ್ದು ತೋಳಕ್ಕೆ ಸಮಯ ಕೊಟ್ಟಿತು, ನಿಜ. ಅದಕ್ಕಿಂತ ದೊಡ್ಡ ಅನಾಹುತ ವಿಳಾಸ ಹೇಳಿದ್ದು. ಅದನ್ನು ಹೇಳಬೇಡವೆಂದು ತಾಯಿ ಎಚ್ಚರಿಸಿರಲಿಲ್ಲ, ತೋಳ ಕೆಟ್ಟದ್ದೆಂಬುದೂ ಹುಡುಗಿಗೆ ತಿಳಿದಿರಲಿಲ್ಲ. ದೊಡ್ಡವರ ಮರೆವಿನ ಹೊರೆಯನ್ನು ಮಗುವಿನ ಅವಿಧೇಯತೆಯ ಮೇಲೆ ಹೊರಿಸಿದ ನೀತಿ ಅದು ಎಂಬುದು ನನ್ನ ವಾದ.

ಇದನ್ನು ಒಪ್ಪದವರು ಗ್ರಿಮ್ ಸೇರಿಸಿದ, ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಾಗಿ ಕೈಬಿಟ್ಟುಹೋಗುವ ಎರಡನೆಯ ಮುಕ್ತಾಯವನ್ನು ಓದಲಿ. ಅಲ್ಲಿ ಇನ್ನೊಂದು ತೋಳ ಬರುತ್ತದೆ. ಹುಡುಗಿ ನೇರವಾಗಿ ಅಜ್ಜಿಯ ಬಳಿಗೆ ಹೋಗಿ ವಿಷಯ ತಿಳಿಸುತ್ತಾಳೆ. ಇಬ್ಬರೂ ಬಾಗಿಲು ಹಾಕಿಕೊಳ್ಳುತ್ತಾರೆ. ಸಾಸೇಜ್ ಬೇಯಿಸಿದ ನೀರನ್ನು ಮನೆಯ ಮುಂದಿನ ಕಲ್ಲಿನ ತೊಟ್ಟಿಗೆ ಹುಡುಗಿಯ ಕೈಯಿಂದ ತುಂಬಿಸುತ್ತಾಳೆ ಅಜ್ಜಿ. ಛಾವಣಿಯ ಮೇಲಿದ್ದ ತೋಳ ವಾಸನೆಗೆ ಕತ್ತು ಚಾಚಿ, ಜಾರಿ ಬಿದ್ದು ಮುಳುಗಿ ಸಾಯುತ್ತದೆ. ಇಲ್ಲಿ ಬೇಟೆಗಾರನೂ ಬೇಕಾಗಲಿಲ್ಲ.

ಬರೆಯಲು ಕುಳಿತಾಗ ನಿಮ್ಮ ಪ್ರತಿ ವಾದಕ್ಕೂ ಕಥೆಯಿಂದ ಒಂದು ವಾಕ್ಯವನ್ನಾದರೂ ಎತ್ತಿ ಕೊಡಿ. ಕೊಡಲಾಗದ ವಾದವನ್ನು, ಎಷ್ಟೇ ಚೆನ್ನಾಗಿದ್ದರೂ, ಹೊಡೆದುಹಾಕಿ.