ಮಾತು ತುಂಡಾಗುವ ವೇಗ

ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 34. ಭಾರತೀಯರಿಗೆ 25 ಮುಟ್ಟಿದರೇ ಬೊಜ್ಜು ಅಂತ ಲೆಕ್ಕ, ನನ್ನ ಕಥೆ ಗೊತ್ತಾಯ್ತಲ್ವಾ? ಜಿಮ್ ಕೋಚ್ ದಿನಾ ಹೇಳುತ್ತಿದ್ದುದು ಒಂದೇ: "ಇನ್ನೂ ಸ್ಪೀಡ್ ಸಾರ್, ಮುಗಿದ ಮೇಲೆ ಮಜಾ ಇರುತ್ತೆ." ಇರುತ್ತಿತ್ತು ನಿಜ. ಆದರೆ ಮಾರನೇ ದಿನ ಶೂ ಹಾಕುವಾಗ ನೆನಪಾಗುತ್ತಿದ್ದುದು ಆ ಮಜಾ ಅಲ್ಲ, ಟ್ರೆಡ್‌ಮಿಲ್ ಮೇಲಿನ ಏದುಸಿರು.

ಜಿಮ್ ಬಿಟ್ಟು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಲು ಶುರು ಮಾಡಿದೆ. ಮೂಡ್‌ಗೆ ಅಂಕ ಕೊಡುವುದು ನಡೆಯುತ್ತಿರುವಾಗಲೇ, ಮುಗಿದ ಮೇಲಲ್ಲ. ತೀರಾ ಸಾಕಾದರೆ ಮೈನಸ್ 5, ತುಂಬಾ ಚೆನ್ನಾಗಿದ್ದರೆ ಪ್ಲಸ್ 5. ವ್ಯಾಯಾಮದ ಸಂಶೋಧಕರು ಬಳಸುವ ಅಳತೆಯೇ ಇದು. ಜೊತೆಗೆ ಬರುವ ಭಾವಮೈದುನನ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗದಲ್ಲಿ 2, 3 ಸಿಗುತ್ತಿತ್ತು. ನನ್ನ ಮಾತು ಬರೀ "ಹೂಂ"ಗೆ ಇಳಿಯಿತು ಅಂದರೆ ಅಂಕ ಸೊನ್ನೆಗಿಂತ ಕೆಳಗೆ. ಅವನಿಗೆ ಅದೇ ವೇಗ ಸುಮ್ನೆ ಅಡ್ಡಾಡಿದ ಹಾಗೆ! ಮೈತೂಕ ಜಾಸ್ತಿ ಇರುವವರು ಮಾತು ತುಂಡಾಗುವ ಆ ಗೆರೆಯನ್ನು ಬೇಗ ಮುಟ್ಟುತ್ತಾರೆ. ಇದನ್ನು ಸೋಮಾರಿತನ ಅನ್ನುವವರ ಮೇಲೆ ನನಗೆ ಸಿಟ್ಟಿದೆ.

ಖುಷಿಗೆ ಎಂಡಾರ್ಫಿನ್ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನೋವು ತಗ್ಗಿಸುವ ಈ ಹಾರ್ಮೋನು ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ಹೋಗುವುದೇ ಇಲ್ಲ. ಹದವಾದ ವ್ಯಾಯಾಮದಲ್ಲಿ ಏರುವ ಆನಂದಮೈಡ್ ಅನ್ನುವ, ದೇಹವೇ ತಯಾರಿಸುವ ಹಿತದ ರಾಸಾಯನಿಕ ಹೋಗುತ್ತದೆ. ದಮ್ಮು ಕಟ್ಟುವಷ್ಟು ಜೋರಾದರೆ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಏರುತ್ತವೆ.

ವೇಗ ಮೈಮೇಲೆ ಮಾಡುವ ಈ ವ್ಯತ್ಯಾಸವನ್ನು ಶುಗರ್ ನೋಡುವ ಗ್ಲುಕೋಮೀಟರಿನಲ್ಲೇ ಕಂಡೆ. ಊಟದ ನಂತರ ನಿಧಾನವಾಗಿ ನಡೆದರೆ ನನ್ನ ಶುಗರ್ ಇಳಿಯುತ್ತದೆ, ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಗ್ಲುಕೋಸ್ ಎಳೆದುಕೊಳ್ಳುತ್ತದೆ. ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬಿರಬಿರನೆ ಹತ್ತಿ, ನಂದಿಯ ಹತ್ತಿರ ಕೂತು ಬೆರಳು ಚುಚ್ಚಿಕೊಂಡೆ. ಕೆಳಗೆ ನೋಡಿದ್ದಕ್ಕಿಂತ ಜಾಸ್ತಿ! ಅಡ್ರಿನಲಿನ್ ಏರಿದಾಗ ಲಿವರ್ ತನ್ನಲ್ಲಿರುವ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ. ಗಾಬರಿ ಬೇಡ, ಆಮೇಲೆ ತಾನಾಗಿ ಇಳಿಯಿತು.

ಜೋರು ನಡಿಗೆಯನ್ನು ಪೂರ್ತಿ ಬಿಟ್ಟಿಲ್ಲ, ದಮ್ಮು ಹೆಚ್ಚಬೇಕಾದರೆ ಅದೂ ಬೇಕು. ಮೈ ಬೆಚ್ಚಗಾದ ಕೂಡಲೇ ಅದನ್ನು ಮುಗಿಸಿ, ಆಮೇಲೆ ವೇಗ ಇಳಿಸುತ್ತಾ ಬರುತ್ತೇನೆ. ಕೊನೆಗೆ ಏರಿಸುವುದಕ್ಕಿಂತ ಇದು ಎಷ್ಟೋ ಹಿತ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರು ವೇಗ ಅಳೆಯಲು ವಾಚು ತೋರಿಸುವ ಹೃದಯದ ಬಡಿತವನ್ನು ನಂಬಬೇಡಿ, ಮಾತ್ರೆಯೇ ಅದನ್ನು ತಗ್ಗಿಸಿರುತ್ತದೆ. ಪಕ್ಕದವರ ಜೊತೆ ಮಾತಾಡಿ ನೋಡಿ.