ಕಾದರೆ ನಿಲ್ಲುತ್ತಿದ್ದ ಎಂಜಿಬಿ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರುಗಳಲ್ಲೊಂದು ನನ್ನ ಬಳಿಯಿದೆ. ಮೇಲ್ಛಾವಣಿ ಮಡಚುವ ಮಾದರಿ, 1798 ಸಿಸಿ ಎಂಜಿನ್. ಬೆಳಗಾವಿಯಿಂದ ಜಾಂಬೋಟಿಯ ಕಡೆಗೆ ಹೊರಟರೆ ಅರ್ಧ ಗಂಟೆ ಸರಾಗವಾಗಿ ಓಡಿ, ಎಂಜಿನ್ ಕಾದೊಡನೆ ಕೆಮ್ಮುತ್ತ ನಿಂತುಬಿಡುತ್ತಿತ್ತು. ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತಿತ್ತು. ಪೆಟ್ರೋಲ್ ಆವಿಯಾಗುತ್ತಿದೆಯೆಂದು ನಂಬಿ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡೂ ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿ ತೊಳೆದೆ. ಒಂದು ಭಾನುವಾರ ವ್ಯರ್ಥವಾಯಿತು.

ಮುಂದಿನ ಸಲ ಕಾರು ನಿಂತಾಗ ರಸ್ತೆಯ ಬದಿಯಲ್ಲೇ ಸ್ಪಾರ್ಕ್ ಪ್ಲಗ್ ಕಳಚಿ ಪರೀಕ್ಷಿಸಿದೆ. ಗಟ್ಟಿಯಾದ ನೀಲಿ ಕಿಡಿಯ ಬದಲು ಮಂಕಾದ ಹಳದಿ ಕಿಡಿ ಕಂಡಿತು. ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದರೆ, ಒಳಗೆ ವಿದ್ಯುತ್ತನ್ನು ಜೋಡಿಸಿ ಕಡಿಯುವ ಪಾಯಿಂಟ್‌ಗಳು ಸುಟ್ಟು ಕಪ್ಪಾಗಿದ್ದವು. ಪಾಯಿಂಟ್‌ಗಳು ತೆರೆಯುವ ಕ್ಷಣದಲ್ಲಿ ವಿದ್ಯುತ್ತನ್ನು ಹೀರಿಕೊಂಡು, ಅಲ್ಲಿ ಕಿಡಿ ಹಾರದಂತೆ ತಡೆದು, ಪ್ಲಗ್‌ಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಕಾಂತಕ್ಷೇತ್ರ ಥಟ್ಟನೆ ಕುಸಿಯುವಂತೆ ಮಾಡುವುದು ಕಂಡೆನ್ಸರ್‌ನ ಕೆಲಸ. ಬೆರಳಿನ ತುದಿಯಷ್ಟಿರುವ ಆ ಭಾಗವು ಕಾದಾಗ ಒಳಗೇ ಸೋರತೊಡಗಿದರೆ ಪ್ಲಗ್‌ಗೆ ಬಲವಾದ ಕಿಡಿ ಸಿಗುವುದಿಲ್ಲ.

ಬೇರೊಂದು ಕಂಡೆನ್ಸರನ್ನೂ ಹೊಸ ಪಾಯಿಂಟ್‌ಗಳನ್ನೂ ಜೋಡಿಸಿ, ಪಾಯಿಂಟ್‌ಗಳ ನಡುವಿನ ಅಂತರವನ್ನು 0.38 ಮಿಲಿಮೀಟರಿಗೆ ಹೊಂದಿಸಿದೆ. ಅಂತರ ಬದಲಾದರೆ ಇಗ್ನಿಷನ್ ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಕ್ಷಣ) ಕೂಡ ಸರಿಯುವುದರಿಂದ ಅದನ್ನೂ ಮತ್ತೆ ಸರಿಪಡಿಸಬೇಕಾಯಿತು; ಅನೇಕರು ಮರೆಯುವುದು ಇದನ್ನೇ. ಮರುದಿನ ಮೇಲ್ಛಾವಣಿ ಮಡಚಿ ಜಾಂಬೋಟಿಯನ್ನು ದಾಟಿ ಚೋರ್ಲಾ ಘಾಟಿನವರೆಗೂ ಹೋಗಿ ಬಂದೆ. ಕಾರು ಎಲ್ಲಿಯೂ ನಿಲ್ಲಲಿಲ್ಲ.