ಏಳು ತಿಂಗಳು ಮುಚ್ಚಿದ್ದ ಅಕೌಂಟ್ ವಾಪಸ್ ಬಂತು

"ಸಸ್ಪೆಂಡ್ ಆದ ಅಕೌಂಟ್ ಅಂದ್ರೆ ಸತ್ತ ಹಾಗೇ. ಸುಮ್ನೆ ಅತ್ತಿಗೆ ಹೆಸರಲ್ಲಿ ಇನ್ನೊಂದು ತೆಗಿ." ಸ್ಟಾಕ್ ಫೋಟೋ, ಅಂದರೆ ಬೇಕಾದವರು ಕೊಂಡು ಬಳಸಲಿ ಅಂತ ಸೈಟಿನಲ್ಲಿ ಹಾಕಿಡುವ ಫೋಟೋ, ಮಾರುವ ನಾಲ್ಕೈದು ಗೆಳೆಯರು ನನಗೆ ಹೇಳಿದ್ದು ಇಷ್ಟೇ. ನಾನು ತೆಗೆಯಲಿಲ್ಲ. ಅದೇ ಮನೆ, ಅದೇ ಇಂಟರ್‌ನೆಟ್, ಕೊನೆಗೆ ದುಡ್ಡು ಬರುವುದೂ ಅದೇ ಬ್ಯಾಂಕಿಗೆ. ಹಿಡಿಯುವುದಕ್ಕೆ ಅವರಿಗೆ ಎಷ್ಟು ಹೊತ್ತು ಬೇಕು? 2023ರ ಜೂನ್‌ನಲ್ಲಿ ಮುಚ್ಚಿದ ಅಕೌಂಟ್ 2024ರ ಜನವರಿಯಲ್ಲಿ ತೆರೆಯಿತು. ಒಳಗಿದ್ದ ದುಡ್ಡು ಸಮೇತ. ಹಾಗಾಗಿ ಈಗ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮದು ಸಾಗರ. ಮದುವೆ, ಉಪನಯನದ ಫೋಟೋ ಹೊಟ್ಟೆಪಾಡು. ಸ್ಟಾಕ್ ಮಾರುವುದು ಪಕ್ಕದ ಕೆಲಸ, ತಿಂಗಳಿಗೆ ಎಪ್ಪತ್ತು ಎಂಬತ್ತು ಡಾಲರ್ ಬರುತ್ತಿತ್ತು. ನನ್ನಲ್ಲಿ ಚೆನ್ನಾಗಿ ಓಡುವುದು ಅಡಿಕೆ. ಕೊನೆ (ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಹರವುವುದು. 2022ರ ಡಿಸೆಂಬರ್‌ನಲ್ಲಿ ನೆಂಟರ ಮನೆಯ ಕೊಯ್ಲಿಗೆ ಎರಡು ನಿಕಾನ್ ಕ್ಯಾಮೆರಾ ಬಾಡಿ ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಮದುವೆ ಕೆಲಸಕ್ಕೆ ಬರುವ ಹುಡುಗ. ಎರಡನೇ ಬಾಡಿ ಅವನ ಕೈಯಲ್ಲಿತ್ತು. ಸಂಜೆ ಎರಡೂ ಕಾರ್ಡನ್ನು ಒಂದೇ ಫೋಲ್ಡರಿಗೆ ಸುರಿದೆ. ಅವನಿಗೂ ಒಂದು ಕಾಪಿ ಕೊಟ್ಟೆ. ತಪ್ಪು ಆಗಿದ್ದು ಅಲ್ಲೇ. ಅದು ನನಗೆ ತಿಳಿಯುವುದಕ್ಕೆ ಒಂದು ವರ್ಷ ಹಿಡಿಯಿತು.

ಹುಡುಗನೂ ಅದೇ ಸೈಟಿನಲ್ಲಿ ಅಕೌಂಟ್ ತೆರೆದಿದ್ದ. ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದೇ ಅಂಗಳ, ಒಂದೇ ಮೆಟ್ಟುಗತ್ತಿ, ಅದೇ ಬಳೆ ಹಾಕಿದ ಕೈ. ಹತ್ತಿರ ಹತ್ತಿರ ನಲವತ್ತು ಫೋಟೋ ಎರಡೂ ಅಕೌಂಟಿನಲ್ಲಿ ಕುಳಿತಿದ್ದವು. ಒಂದು ಬೆಳಿಗ್ಗೆ ಇಬ್ಬರಿಗೂ ಮೇಲ್ ಬಂತು. ಹಕ್ಕುಸ್ವಾಮ್ಯದ ಉಲ್ಲಂಘನೆ, ಅಕೌಂಟ್ ಅಮಾನತು, ಬಾಕಿ ಹಣಕ್ಕೆ ತಡೆ. ನನ್ನದು ಸುಮಾರು 410 ಡಾಲರ್ ಸಿಕ್ಕಿಹಾಕಿಕೊಂಡಿತು. ಆಗಿನ ಲೆಕ್ಕದಲ್ಲಿ ಮೂವತ್ತಮೂರು ಸಾವಿರದ ಮೇಲೆ.

ಮೊದಲ ಅಪೀಲು ಸಿಟ್ಟಿನಲ್ಲಿ ಬರೆದಿದ್ದು. ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಎಲ್ಲ ನನ್ನದೇ, ನೀವು ಹೇಗೆ ಹೀಗೆ ಮಾಡ್ತೀರಿ ಅಂತ. ಎರಡು ದಿನದಲ್ಲಿ ಅಚ್ಚು ಹಾಕಿದ ಉತ್ತರ ಬಂತು: ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ.

ಎರಡನೆಯದಕ್ಕೆ ಐದು ಸಾವಿರ ಹೋಯಿತು. ಅಕೌಂಟ್ ಬಿಡಿಸಿಕೊಡುತ್ತೇನೆ ಅನ್ನುವವನೊಬ್ಬ ಸಿಕ್ಕಿದ್ದ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದುಕೊಟ್ಟ. ಓದಿದರೆ ನಾನು ಯಾವುದೋ ಕಂಪನಿ ಮುಳುಗಿಸಿ ಕ್ಷಮೆ ಕೇಳುವ ಹಾಗಿತ್ತು. ಅಡಿಕೆ ಅನ್ನುವ ಪದವೇ ಅದರಲ್ಲಿ ಇರಲಿಲ್ಲ. ಮತ್ತೆ ಅದೇ ಅಚ್ಚಿನ ಉತ್ತರ. ಆಸಾಮಿ ಆಮೇಲೆ ಫೋನ್ ಎತ್ತಲಿಲ್ಲ.

ಮೂರನೆಯದು ನನ್ನದೇ ಬುದ್ಧಿವಂತಿಕೆ. ನೂರು ರೂಪಾಯಿಯ ಇ-ಸ್ಟಾಂಪ್ ಕಾಗದದಲ್ಲಿ ಹುಡುಗನ ಕೈಲಿ ಬರೆಸಿದೆ: ಈ ಫೋಟೋಗಳ ಎಲ್ಲ ಹಕ್ಕು ಅಣ್ಣನದು, ಅಂದರೆ ನನ್ನದು. ನೋಟರಿ ಸೀಲೂ ಬಿತ್ತು. ಅದೂ ತಿರಸ್ಕಾರ ಆಯಿತು. ಆಮೇಲೆ ಕಾಗದವನ್ನು ಲಾಯರ್ ಆಗಿರುವ ನಮ್ಮ ಭಾವನಿಗೆ ತೋರಿಸಿದೆ. "ಇದನ್ನ ಬರೆದವನು ಯಾರೋ ಮಾರಾಯ?" ಅಂದರು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ತೆಗೆದು ಓದಿಸಿದರು. ಹಕ್ಕು ಬರೆದುಕೊಡುವಾಗ ಎಷ್ಟು ಕಾಲಕ್ಕೆ ಅಂತ ಹೇಳದಿದ್ದರೆ ಐದೇ ವರ್ಷಕ್ಕೆ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ನಾನು ಮಾರುತ್ತಿದ್ದದ್ದು ಪ್ರಪಂಚಕ್ಕೆಲ್ಲ. ಅದಿರಲಿ, ಇನ್ನೊಂದು ಮಾತು ಹೇಳಿದರು, ಅದು ಜಾಸ್ತಿ ಚುಚ್ಚಿತು. "ಕ್ಯಾಮೆರಾ ನಿನ್ನದು ಅಂದ್ರೆ ಫೋಟೋ ನಿನ್ನದಾಗಲ್ಲ. ತೆಗೆದವನು ಯಾರು?" ಎರಡನೇ ಬಾಡಿಯಲ್ಲಿ ತೆಗೆದವನು ಹುಡುಗ. ದಿನಗೂಲಿಗೂ ಅಲ್ಲದೆ, ಊಟಕ್ಕೆ ಕರೆದುಕೊಂಡು ಹೋದವನು.

ಬಾಯಿ ಮುಚ್ಚಿಕೊಂಡು ಮನೆಗೆ ಬಂದು ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಫೈಲ್, ಹುಡುಕಿದೆ. ಅಷ್ಟರಲ್ಲಿ ಹಾರ್ಡ್‌ಡಿಸ್ಕ್ ಕೈಕೊಟ್ಟಿತ್ತು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಲೆನ್ಸಿನೊಳಗೂ ಫಂಗಸ್ ಬರುತ್ತದೆ. ಡೇಟಾ ತೆಗೆಸುವುದಕ್ಕೆ ಏಳೂವರೆ ಸಾವಿರ. ಮನೆಯವಳು ಲೆಕ್ಕ ಹಾಕಿದಳು: "ಮೂವತ್ತಮೂರು ಸಾವಿರ ಬಿಡಿಸೋಕೆ ಈಗಾಗಲೇ ಹದಿಮೂರು ಹಾಕಿದೀರ." ಭಾವನ ಫೀಸು ಬರೀ ಕಾಫಿ, ಪುಣ್ಯಕ್ಕೆ.

ಫೋಟೋ ಫೈಲಿನೊಳಗೆ ಅಡಗಿರುವ ಮಾಹಿತಿ ಓದುವ ಎಕ್ಸಿಫ್‌ಟೂಲ್ ಬಳಸುವವರಿಗೆ ನಾನು ಹೊಸದೇನೂ ಹೇಳುತ್ತಿಲ್ಲ. ನಿಕಾನ್ ರಾ ಫೈಲಿನಲ್ಲಿ ಬಾಡಿಯ ಸೀರಿಯಲ್ ನಂಬರ್ ಇರುತ್ತದೆ, ಶಟರ್ ಎಷ್ಟನೇ ಸಲ ಬಡಿದಿದೆ, ಅಂದರೆ ಅದು ಆ ಕ್ಯಾಮೆರಾದ ಎಷ್ಟನೇ ಫೋಟೋ, ಅನ್ನುವುದೂ ಇರುತ್ತದೆ. ಫೈಲಿನ ಹೆಸರನ್ನು ನಂಬಬೇಡಿ, ಅದು 9999 ಆದ ಮೇಲೆ ಮತ್ತೆ ಮೊದಲಿನಿಂದ ಶುರು. ಶಟರ್ ಎಣಿಕೆ ಹಾಗಲ್ಲ, ಏರುತ್ತಲೇ ಹೋಗುತ್ತದೆ. ಎರಡೂ ಬಾಡಿಯ ಸಾವಿರದ ಚಿಲ್ಲರೆ ಫೋಟೋಗಳನ್ನು ಎಕ್ಸೆಲ್ ಶೀಟಿಗೆ ಹಾಕಿ ಹೊತ್ತಿನ ಪ್ರಕಾರ ಜೋಡಿಸಿದೆ. ಏನೋ ತಾಳ ತಪ್ಪುತ್ತಿತ್ತು. ಹಂಡೆಗೆ ಬೆಂಕಿ ಹಾಕುವ ಮೊದಲೇ ಆವಿ ಎದ್ದಿತ್ತು! ಎರಡನೇ ಬಾಡಿಯ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಇತ್ತು. ಅದನ್ನು ಸರಿಮಾಡಿದ ಕೂಡಲೇ ಇಡೀ ದಿನ ಕಣ್ಣಮುಂದೆ ಬಂದು ನಿಂತಿತು.

ಅಲ್ಲಿ ಒಂದು ಫ್ರೇಮ್ ಸಿಕ್ಕಿತು. ಎರಡನೇ ಬಾಡಿಯದು. ಮೆಟ್ಟುಗತ್ತಿಯ ಮೇಲೆ ಅಡಿಕೆ ಸೀಳುತ್ತಿರುವ ಕೈ, ಹಿಂದೆ ಸಿಪ್ಪೆಯ ರಾಶಿ, ಬಲಗಡೆ ಅಂಚಿನಲ್ಲಿ ನೀಲಿ ಅಂಗಿಯ ಒಂದು ಮೊಣಕೈ. ಆ ಅಂಗಿ ನನ್ನದು. ಅದೇ ಸೆಕೆಂಡಿನಲ್ಲಿ ಮೊದಲ ಬಾಡಿ ಅದೇ ಕೈಯನ್ನು ಇನ್ನೊಂದು ಬದಿಯಿಂದ ತೆಗೆದಿತ್ತು. ನಾನೇ ಅಲ್ಲಿ ಬಗ್ಗಿ ನಿಂತಿದ್ದೇನೆ ಅಂದಮೇಲೆ ಈ ಫೋಟೋ ನಾನು ತೆಗೆದಿದ್ದಲ್ಲ. ಈ ಫೋಟೋ ನನ್ನ ಅಕೌಂಟಿನಲ್ಲಿತ್ತು, ಮೂರು ಅಪೀಲಿನಲ್ಲೂ ನನ್ನದು ಅಂದಿದ್ದೆ. ಹಾಗೆ ಹುಡುಕುತ್ತಾ ಹೋದರೆ ನನ್ನ ಹೆಸರಲ್ಲಿ ಅವನ 27 ಫೋಟೋ. ಅವನ ಹೆಸರಲ್ಲಿ ನನ್ನ ಒಂಬತ್ತು. ಉಳಿದವು ಪಕ್ಕಪಕ್ಕ ನಿಂತು ತೆಗೆದ, ನೋಡುವುದಕ್ಕೆ ಒಂದೇ ಥರದವು.

ಹುಡುಗನನ್ನು ಕರೆದು ತೋರಿಸಿದೆ. "ಅಣ್ಣ, ಹಂಡೆದು ನಾನ್ ಹೊಡ್ದಿದ್ದು ಅಂತ ನಂಗೆ ಗೊತ್ತಿತ್ತು" ಅಂದ. ಯಾಕೆ ಹೇಳಲಿಲ್ಲ ಅಂತ ಕೇಳುವ ಮುಖ ನನಗಿರಲಿಲ್ಲ. ಹಂಡೆಯ ಆವಿಯ ಆ ಫೋಟೋ ಒಂದೇ ಅರವತ್ತು ಡಾಲರ್ ಹತ್ತಿರ ದುಡಿದಿತ್ತು.

ನಡುವೆ ಆರೇಳು ತಿಂಗಳು ಕೈ ಖಾಲಿ ತಾನೇ. ಬೇರೆ ಸೈಟಿಗೆ ಶಬ್ದ ಮಾರಿ ನೋಡಿದೆ. ಜಿಂಕ್ ಶೀಟಿನ ಮೇಲೆ ಬೀಳುವ ಮಳೆ, ಕೊಟ್ಟಿಗೆಯ ಗಂಟೆ, ಸೋನೆಯಲ್ಲಿ ಕಪ್ಪೆ. ಒಟ್ಟು ಒಂಬತ್ತು ಡಾಲರ್. ಕಪ್ಪೆ ಒಂದೂ ಹೋಗಲಿಲ್ಲ. ಅಲ್ಲೇ ಅಡಿಕೆಯ ಕೀವರ್ಡನ್ನೂ, ಅಂದರೆ ಕೊಳ್ಳುವವರು ಹುಡುಕುವ ಪದವನ್ನೂ, ಪರೀಕ್ಷೆ ಮಾಡಿದೆ. ಅರೆಕಾ ನಟ್ ಅಂತ ಸರಿಯಾಗಿ ಹಾಕಿದವಕ್ಕಿಂತ ಬೀಟಲ್ ನಟ್ ಅಂತ ತಪ್ಪಾಗಿ ಹಾಕಿದವು ಎರಡು ಪಟ್ಟು ನೋಡಿಸಿಕೊಂಡವು. ಬೀಟಲ್ ಅಂದರೆ ವೀಳ್ಯದೆಲೆ, ಅಡಿಕೆ ಅಲ್ಲ. ಆದರೆ ಕೊಳ್ಳುವವನಿಗೆ ಯಾರು ಹೇಳಬೇಕು? ಈಗ ಎರಡೂ ಹಾಕುತ್ತೇನೆ. ಮೂರನೇ ಪದ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ನಾಲ್ಕನೇ ಅಪೀಲು ಒಂದು ಪುಟ. ಮೊದಲ ಸಾಲಲ್ಲೇ ಬರೆದೆ: ನಿಮ್ಮ ಅನುಮಾನ ಭಾಗಶಃ ಸರಿ, 27 ಫೋಟೋ ನನ್ನವಲ್ಲ, ಪಟ್ಟಿ ಇಲ್ಲಿದೆ, ತೆಗೆದುಹಾಕಿ, ಅವುಗಳಿಂದ ಬಂದ ದುಡ್ಡನ್ನೂ ಮುರಿದುಕೊಳ್ಳಿ. ಆಮೇಲೆ ಎರಡು ಬಾಡಿಯ ಸೀರಿಯಲ್, ಹನ್ನೊಂದು ನಿಮಿಷದ ವಿಷಯ, ಮೊಣಕೈಯ ಫ್ರೇಮ್. ಹೋಲಿಕೆಯಿದ್ದ ಪ್ರತಿಯೊಂದು ಫೋಟೋಗೂ ಅದರ ಹಿಂದಿನ ಎರಡು, ಮುಂದಿನ ಎರಡು ರಾ ಫೈಲ್, ಮಾರಾಟಕ್ಕೆ ಹಾಕದೇ ಇದ್ದವು. ಅದು ಮುಖ್ಯ. ಕದ್ದವನ ಹತ್ತಿರ ಹಾಳಾದ ಫ್ರೇಮ್ ಇರುವುದಿಲ್ಲ. ಫೋಟೋ ತಿದ್ದುವ ಲೈಟ್‌ರೂಮ್‌ನಿಂದ ತೆಗೆದ ಜೆಪೆಗ್ ಕಳಿಸಬೇಡಿ, ರಾ ಫೈಲನ್ನೇ ಕಳಿಸಿ. ನನ್ನ ಎಕ್ಸ್‌ಪೋರ್ಟ್‌ನಲ್ಲಿ ಬರೀ ಕಾಪಿರೈಟ್ ಮಾಹಿತಿ ಮಾತ್ರ ಉಳಿಯುವ ಸೆಟ್ಟಿಂಗ್ ಇತ್ತು, ಬಾಡಿಯ ನಂಬರ್ ಅಳಿಸಿಹೋಗಿತ್ತು. ಜೊತೆಗೆ ಇಬ್ಬರೂ ಸಹಿ ಹಾಕಿದ ಕಾಗದ, ಭಾವ ಬರೆದಿದ್ದು. ಯಾರ ಫೋಟೋ ಯಾರದು ಅಂತ ಫೈಲ್ ಹೆಸರಿನ ಸಮೇತ. ಇದನ್ನು ಯಾವ ವಿಳಾಸಕ್ಕೆ ಕಳಿಸಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಸಸ್ಪೆಂಡ್ ಆದಾಗ ಬಂದ ಇ-ಮೇಲ್‌ನ ಕೆಳಗಿದ್ದ ಲಿಂಕಿಗಂತೂ ಅಲ್ಲ.

ಹತ್ತೊಂಬತ್ತು ದಿನ ಸುದ್ದಿಯಿಲ್ಲ. ಇಪ್ಪತ್ತನೆಯ ದಿನ ಒಂದು ಮೇಲ್, ಈ ಸಲ ಅಚ್ಚಿನದಲ್ಲ. ಎರಡು ಫೈಲಿನ ಬಗ್ಗೆ ಪ್ರಶ್ನೆ ಕೇಳಿದ್ದರು. ಉತ್ತರ ಕೊಟ್ಟ ನಾಲ್ಕನೇ ದಿನ ಅಕೌಂಟ್ ತೆರೆಯಿತು. 27ರ ದುಡ್ಡು ಮುರಿದುಕೊಂಡು 290 ಚಿಲ್ಲರೆ ಡಾಲರ್ ಉಳಿಸಿದ್ದರು.

ಖುಷಿಯಲ್ಲಿ ಒಂದನ್ನು ಮರೆತೆ. ಹೊರದೇಶದವರು ಅಮೆರಿಕದ ತೆರಿಗೆಗೆ ತುಂಬಿಕೊಡುವ ಡಬ್ಲ್ಯು-8ಬೆನ್ ಫಾರ್ಮನ್ನು ನಾನು 2020ರಲ್ಲಿ ತುಂಬಿದ್ದು. ಸಹಿ ಹಾಕಿದ ವರ್ಷ ಬಿಟ್ಟು ಮೂರನೇ ವರ್ಷದ ಕೊನೆಗೆ ಅದರ ಆಯುಷ್ಯ ಮುಗಿಯುತ್ತದೆ. ಅಂದರೆ 2023ರ ಡಿಸೆಂಬರ್ 31. ಜನವರಿಯಲ್ಲಿ ಅಮೆರಿಕದವರು ಕೊಂಡಿದ್ದಕ್ಕೆಲ್ಲ 15 ಬದಲು 30 ಪರ್ಸೆಂಟ್ ತೆರಿಗೆ ಹಿಡಿದರು. ಮುಚ್ಚಿದ ಅಕೌಂಟಿಗೆ ನೆನಪಿಸುವ ಮೇಲ್ ಯಾರು ಕಳಿಸುತ್ತಾರೆ? ನಿಮ್ಮದೂ ಒಮ್ಮೆ ನೋಡಿಕೊಳ್ಳಿ.

ಹುಡುಗನೂ ಅದೇ ಕಾಗದ ಇಟ್ಟು ಅಪೀಲು ಹಾಕಿದ. ಅವನದು ತೆರೆಯಲಿಲ್ಲ, ಯಾಕೆ ಅಂತ ಇಬ್ಬರಿಗೂ ಅರ್ಥವಾಗಿಲ್ಲ. ಹಂಡೆಯ ಫೋಟೋವನ್ನು ಇನ್ನೊಂದು ಸೈಟಿಗೆ ಹಾಕಿದ್ದಾನೆ. ನಿಧಾನಕ್ಕೆ ಹೋಗ್ತಿದೆ ಅಣ್ಣ ಅಂದ. ಮುಂದಿನ ಕೊಯ್ಲಿಗೂ ಇಬ್ಬರೇ ಹೋಗಿದ್ದೆವು. ಬಸ್ಸಿನಲ್ಲೇ ಎರಡೂ ಕ್ಯಾಮೆರಾದ ಗಡಿಯಾರ ಸರಿಮಾಡಿದೆವು. ಕಾರ್ಡಿನ ಡಬ್ಬಿಗಳ ಮೇಲೆ ಟೇಪ್ ಅಂಟಿಸಿ ಅವನ ಹೆಸರು ಒಂದಕ್ಕೆ, ನನ್ನದು ಇನ್ನೊಂದಕ್ಕೆ ಬರೆದೆವು. ನೀಲಿ ಅಂಗಿ ಮಾತ್ರ ಹಾಕಿಕೊಂಡು ಹೋಗಿರಲಿಲ್ಲ.